ಮರ ಹತ್ತುವ ಪರೀಕ್ಷೆಯ ಆ ವ್ಯಂಗ್ಯಚಿತ್ರ ಯಾರದು?

ಮಾಟುಂಗಾ ಸಂಪಾದಕಿ

ನಮ್ಮ ಸಂಘದ ಸ್ಮರಣ ಸಂಚಿಕೆಗೆ ಈ ವರ್ಷ ಶಿಕ್ಷಣವೇ ಮುಖ್ಯ ವಿಷಯ. ಮುಂಬಯಿಯ ಕನ್ನಡ ಶಾಲೆಗಳ ಕುರಿತ ಲೇಖನದ ಪಕ್ಕದಲ್ಲಿ ಹಾಕಲೇಬೇಕೆಂದು ಸದಸ್ಯರೊಬ್ಬರು ವಾಟ್ಸಾಪ್‌ನಲ್ಲಿ ಒಂದು ವ್ಯಂಗ್ಯಚಿತ್ರವನ್ನು ಕಳುಹಿಸಿದ್ದಾರೆ. ನಿಮ್ಮಲ್ಲಿ ಹೆಚ್ಚಿನವರು ಅದನ್ನು ನೋಡಿಯೇ ಇರುತ್ತೀರಿ. ಮೇಜಿನ ಹಿಂದೆ ಒಬ್ಬ ಪರೀಕ್ಷಕ ಕುಳಿತಿದ್ದಾನೆ. ಅವನೆದುರು ಕಾಗೆ, ಕೋತಿ, ಪೆಂಗ್ವಿನ್, ಆನೆ, ಗಾಜಿನ ಬೋಗುಣಿಯೊಳಗಿನ ಮೀನು, ಸೀಲ್ ಮತ್ತು ನಾಯಿ ಸಾಲಾಗಿ ನಿಂತಿವೆ. ಅವುಗಳ ಹಿಂದೆ ಒಂದು ಮರ. ಆಯ್ಕೆ ನ್ಯಾಯವಾಗಿರಬೇಕಾದ್ದರಿಂದ ಎಲ್ಲರಿಗೂ ಒಂದೇ ಪರೀಕ್ಷೆ, ದಯವಿಟ್ಟು ಆ ಮರವನ್ನು ಹತ್ತಿ ಎಂದು ಪರೀಕ್ಷಕ ಹೇಳುತ್ತಿದ್ದಾನೆ. ಕೆಳಗೆ ಐನ್‌ಸ್ಟೈನ್ ಹೆಸರಿನಲ್ಲಿ ಮೀನು ಮತ್ತು ಮರದ ಬಗ್ಗೆ ಒಂದು ಹೇಳಿಕೆಯೂ ಇದೆ.

ಚಿತ್ರದಲ್ಲಿ ಸಹಿಯಿಲ್ಲ. ಸಮಿತಿಯಲ್ಲಿ ಒಬ್ಬರು ಇದು ಆರ್. ಕೆ. ಲಕ್ಷ್ಮಣ್ ಅವರದೆಂದರು, ಇನ್ನೊಬ್ಬರು ಮಾರಿಯೋ ಮಿರಾಂಡಾ ಅವರದೆಂದರು, ಮೂರನೆಯವರು ಯಾರದಾದರೇನು ಎಂದರು. ರಚಿಸಿದವರ ಹೆಸರಿಲ್ಲದೆ ಚಿತ್ರವನ್ನು ಅಚ್ಚಿಗೆ ಕಳುಹಿಸಲು ನನಗೆ ಮನಸ್ಸಿಲ್ಲ. ಖಚಿತವಾಗಿ ಬಲ್ಲವರು ತಿಳಿಸಬೇಕು.

ಡೊಂಬಿವಲಿಯ ಹಳಬ

ಇದು ಲಕ್ಷ್ಮಣ್ ಅವರದೇ, ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ. ಸಾಲಿನ ಮೊದಲಲ್ಲಿರುವ ಕಾಗೆಯನ್ನು ನೋಡಿ. ಕಾಗೆಯನ್ನು ಅಷ್ಟು ಪ್ರೀತಿಯಿಂದ ಬರೆದ ವ್ಯಂಗ್ಯಚಿತ್ರಕಾರ ನಮ್ಮಲ್ಲಿ ಬೇರೆ ಯಾರಿದ್ದಾರೆ? ಮೈಸೂರಿನಲ್ಲಿದ್ದಾಗ ಅವರು ‘ಕೊರವಂಜಿ’ ಹಾಸ್ಯಪತ್ರಿಕೆಗೆ ಚಿತ್ರ ಬರೆಯುತ್ತಿದ್ದರು. ಇದನ್ನು ನಾನು ಅಂಥದೇ ಯಾವುದೋ ಹಳೆಯ ಸಂಚಿಕೆಯಲ್ಲಿ ನೋಡಿದ ನೆನಪು.

ಚೆಂಬೂರಿನ ಅವಸರ

‘ಕೃಪೆ: ಅಂತರ್ಜಾಲ’ ಎಂದು ಹಾಕಿ ಮುಗಿಸಿ. ಎಲ್ಲರೂ ಹಾಗೆಯೇ ಮಾಡುತ್ತಾರೆ.

ಮುಲುಂಡ್ ಮುದ್ರಕ

ಅವಸರದವರೇ, ಅಂತರ್ಜಾಲವು ಇದುವರೆಗೆ ಒಂದು ಗೆರೆಯನ್ನೂ ಎಳೆದಿಲ್ಲ. ನಿಮ್ಮ ಕವನವನ್ನು ಇನ್ನೊಬ್ಬರು ‘ಕೃಪೆ: ಅಂತರ್ಜಾಲ’ ಎಂದು ಅಚ್ಚು ಹಾಕಿದರೆ ನೀವು ಇದೇ ಮಾತನ್ನು ಹೇಳುತ್ತೀರೇ?

ಪಾರ್ಲೆಯ ಓದುಗ

ಕಾಗೆ ಇದ್ದಲ್ಲೆಲ್ಲ ಲಕ್ಷ್ಮಣ್ ಇದ್ದಾರೆಂದರೆ ಶ್ರಾದ್ಧದ ಪಿಂಡಕ್ಕೂ ಅವರ ಸಹಿ ಬೇಕಾಗುತ್ತದೆ. ಲಕ್ಷ್ಮಣ್ 1947ರಲ್ಲಿ ಮುಂಬಯಿಯ ಫ್ರೀ ಪ್ರೆಸ್ ಜರ್ನಲ್ ಸೇರಿ, ಬಳಿಕ ಟೈಮ್ಸ್ ಆಫ್ ಇಂಡಿಯಾಕ್ಕೆ ಹೋಗಿ, 1951ರಿಂದ ಶ್ರೀಸಾಮಾನ್ಯನ ಕಿರು ವ್ಯಂಗ್ಯಚಿತ್ರವನ್ನು ದಶಕಗಳ ಕಾಲ ಬರೆದವರು. ತಮ್ಮ ಸಹಿಯನ್ನು ಎದ್ದು ಕಾಣುವಂತೆ ಹಾಕುತ್ತಿದ್ದ ಅವರು ಇದೊಂದನ್ನು ಮಾತ್ರ ಅನಾಮಧೇಯವಾಗಿ ಬಿಟ್ಟರೆಂದು ನಂಬುವುದು ಹೇಗೆ? ಅವರ ಗೆರೆ ಕುಂಚದ ಗೆರೆ. ಒಂದೇ ಬೀಸಿನಲ್ಲಿ ದಪ್ಪವಾಗಿ ಆರಂಭವಾಗಿ ತೆಳ್ಳಗಾಗಿ ಮುಗಿಯುತ್ತದೆ. ಈ ಚಿತ್ರದ ಗೆರೆ ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪದಲ್ಲಿ, ಅಂಜಿಕೆಯಿಂದ ಸಾಗಿದೆ.

ಆದರೂ ಜನರು ಇದಕ್ಕೆ ಅವರ ಹೆಸರನ್ನು ಹಚ್ಚುವುದರಲ್ಲಿ ಒಂದು ತಮಾಷೆಯಿದೆ. ಅವರಿಗೆ ಪ್ರವೇಶವನ್ನು ನಿರಾಕರಿಸಿದ್ದು ನಮ್ಮದೇ ಊರಿನ ಜೆ. ಜೆ. ಕಲಾಶಾಲೆ. ಮರ ಹತ್ತುವ ಪರೀಕ್ಷೆಯಲ್ಲಿ ಅವರೂ ಒಮ್ಮೆ ಅನುತ್ತೀರ್ಣರಾದವರೇ.

ಮಡಗಾಂವ್ ಮಾಸ್ತರ

ಮಾರಿಯೋ ಹೆಸರು ಬಂದದ್ದರಿಂದ ಗೋವೆಯವನಾಗಿ ನಾನೊಂದು ಮಾತು ಹೇಳಬೇಕು. ಲೌಟಲಿಯ ಆ ಮನುಷ್ಯನಿಗೆ ಖಾಲಿ ಜಾಗವೆಂದರೆ ಆಗುತ್ತಿರಲಿಲ್ಲ. ಅವರು ಮಾರುಕಟ್ಟೆಯನ್ನು ಬರೆದರೆ ಮೀನು ಮಾರುವವಳು, ಪಾದ್ರಿ, ಕುಡುಕ, ನಾಯಿ, ಬಾಲ್ಕನಿಯಿಂದ ಇಣುಕುವ ಅಜ್ಜಿ ಎಲ್ಲರೂ ಒಬ್ಬರ ಮೈಮೇಲೊಬ್ಬರು ಬೀಳುವಂತೆ ಇರುತ್ತಾರೆ. ಕೊಲಾಬಾದ ಕೆಫೆ ಮೊಂಡೆಗಾರ್‌ನ ಗೋಡೆಯ ಮುಂದೆ ಕುಳಿತು ಒಂದು ಚಹಾ ಕುಡಿದವರಿಗೂ ಇದು ಗೊತ್ತಾಗುತ್ತದೆ. ಈ ಚಿತ್ರದಲ್ಲಾದರೋ ಏಳು ಪ್ರಾಣಿಗಳ ಸುತ್ತ ಮುಕ್ಕಾಲು ಭಾಗ ಬಯಲೇ ಇದೆ. ಮಾರಿಯೋ ಬರೆದಿದ್ದರೆ ಆ ಮರದ ಮೇಲೆ ಆಗಲೇ ನಾಲ್ಕು ಜನ ಕುಳಿತು ಹರಟೆ ಹೊಡೆಯುತ್ತಿದ್ದರು.

ಠಾಣೆಯ ತಂತ್ರಾಂಶಿ

ಊಹೆಯನ್ನು ಬಿಟ್ಟು ಹುಡುಕುವ ಕ್ರಮವನ್ನು ನೋಡೋಣ. ಸಂಪಾದಕಿಯವರೇ, ನಿಮಗೆ ಬಂದ ಕಡತದ ಹೆಸರು ಐಎಂಜಿ, ಎಂಟು ಅಂಕಿಗಳು, ಆಮೇಲೆ ಡಬ್ಲ್ಯುಎ ಎಂಬ ರೀತಿಯಲ್ಲಿರುತ್ತದೆ. ಆ ಎಂಟು ಅಂಕಿಗಳನ್ನು ಚಿತ್ರ ರಚನೆಯಾದ ದಿನಾಂಕವೆಂದು ಬಹಳ ಜನ ತಿಳಿಯುತ್ತಾರೆ; ವಾಸ್ತವದಲ್ಲಿ ಅದು ಆ ಫೋನಿಗೆ ಚಿತ್ರ ಬಂದ ದಿನ ಮಾತ್ರ. ವಾಟ್ಸಾಪ್ ಪ್ರತಿ ಸಲವೂ ಚಿತ್ರವನ್ನು ಹಿಂಡಿ ಚಿಕ್ಕದಾಗಿಸುವುದರ ಜೊತೆಗೆ ಅದರೊಳಗೆ ಅಡಗಿದ್ದ ಮಾಹಿತಿಯನ್ನೂ ತೆಗೆದುಹಾಕುತ್ತದೆ. ಆದ್ದರಿಂದ ಕಡತದೊಳಗೆ ಕೆದಕಿ ಪ್ರಯೋಜನವಿಲ್ಲ.

ಚಿತ್ರವನ್ನೇ ಕೊಟ್ಟು ಹುಡುಕುವ ಸೌಲಭ್ಯಗಳನ್ನು ಬಳಸಬೇಕು. ಟಿನ್‌ಐ 2008ರಿಂದಲೂ ಇದೆ, ಗೂಗಲ್‌ನಲ್ಲಿ 2011ರಿಂದ ಈ ಅನುಕೂಲ ಬಂದಿದೆ, ಯಾಂಡೆಕ್ಸ್ ಕೂಡ ಇದೆ. ಹುಡುಕುವ ಮೊದಲು ಕನ್ನಡದ ಬರಹ, ಐನ್‌ಸ್ಟೈನ್ ಹೇಳಿಕೆ, ಶುಭೋದಯದ ಹೂವು ಎಲ್ಲವನ್ನೂ ಕತ್ತರಿಸಿ ಪ್ರಾಣಿಗಳ ಸಾಲನ್ನಷ್ಟೇ ಉಳಿಸಿಕೊಳ್ಳಿ. ಇಲ್ಲವಾದರೆ ಯಂತ್ರವು ಹೂವನ್ನೇ ಹುಡುಕಿಕೊಂಡು ಹೋಗುತ್ತದೆ. ಒಮ್ಮೆ ಎಡಬಲ ತಿರುಗಿಸಿಯೂ ನೋಡಿ. ಟಿನ್‌ಐನಲ್ಲಿ ಅತಿ ಹಳೆಯದನ್ನು ಮೊದಲು ತೋರಿಸುವಂತೆ ಕೇಳಬಹುದು. ಆದರೆ ಅಲ್ಲಿ ಕಾಣುವ ತಾರೀಕು ಅವರ ಯಂತ್ರವು ಆ ಪುಟವನ್ನು ಕಂಡ ತಾರೀಕೇ ಹೊರತು ಚಿತ್ರ ಹುಟ್ಟಿದ ತಾರೀಕಲ್ಲ. ಅಂತರ್ಜಾಲಕ್ಕಿಂತ ಮೊದಲು ಕಾಗದದ ಮೇಲೆ ಹುಟ್ಟಿದ ಚಿತ್ರವಾದರೆ ಅದರ ತಾಯಿಬೇರು ಅಲ್ಲಿ ಸಿಗುವುದೇ ಇಲ್ಲ.

ಮುಲುಂಡ್ ಮುದ್ರಕ

ನಾನು ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಕನ್ನಡದ ಸಾಲಿರುವ ಬಿಳಿ ಪಟ್ಟಿಯು ಸುತ್ತಲಿನ ಬಿಳುಪಿಗಿಂತ ಒಂದು ಛಾಯೆ ಹೆಚ್ಚು ಬೆಳ್ಳಗಿದೆ. ಆ ಪಟ್ಟಿಯ ಕೆಳಅಂಚಿನಲ್ಲಿ ಎರಡು ಕಡೆ ಸಣ್ಣ ಕಪ್ಪು ಕೊಕ್ಕೆಗಳು ಹೊರಗೆ ಇಣುಕುತ್ತಿವೆ. ಅವು ಇಂಗ್ಲಿಷಿನ ವೈ ಮತ್ತು ಪಿ ಅಕ್ಷರಗಳ ಬಾಲಗಳು. ಮೊದಲಿದ್ದ ಇಂಗ್ಲಿಷ್ ಸಾಲನ್ನು ಮುಚ್ಚಿ ಅದರ ಮೇಲೆ ಕನ್ನಡವನ್ನು ಅಂಟಿಸಿದ್ದಾರೆ, ಬಾಲಗಳನ್ನು ಒರೆಸುವುದಕ್ಕೆ ಮರೆತಿದ್ದಾರೆ. ಹಾಗಾಗಿ ಇದು ಕನ್ನಡ ಪತ್ರಿಕೆಯಿಂದ ಬಂದದ್ದಲ್ಲ. ‘ಕೊರವಂಜಿ’ 1942ರಲ್ಲಿ ಶುರುವಾಗಿ 1967ರಲ್ಲಿ ನಿಂತ ಪತ್ರಿಕೆ. ಅದರಿಂದ ತೆಗೆದದ್ದಾಗಿದ್ದರೆ ಅಡಿಯಲ್ಲಿ ಅಚ್ಚುಮೊಳೆ ಜೋಡಿಸಿದ ಕನ್ನಡ ಅಕ್ಷರಗಳೇ ಇರಬೇಕಿತ್ತು.

ಕೊಥ್ರೂಡ್ ಅನುವಾದಕಿ

ತಡವಾಗಿ ಬಂದೆ. ಈ ಚಿತ್ರದ ಮೂಲವು ಜರ್ಮನಿಯದು. ಹಾನ್ಸ್ ಟ್ರಾಕ್ಸ್‌ಲರ್ ಎಂಬ ವ್ಯಂಗ್ಯಚಿತ್ರಕಾರರು 1975ರಲ್ಲಿ ‘ಸಮಾನ ಅವಕಾಶ’ ಎಂಬ ಅರ್ಥದ ಶೀರ್ಷಿಕೆಯಿಟ್ಟು ಇದನ್ನು ಬರೆದರು. 1983ರಲ್ಲಿ ಮಿಖಾಯೆಲ್ ಕ್ಲಾಂಟ್ ಅವರು ಶಿಕ್ಷಣದ ಕುರಿತ ವ್ಯಂಗ್ಯಚಿತ್ರಗಳನ್ನು ಸಂಗ್ರಹಿಸಿ ಹನೋವರ್‌ನಿಂದ ಹೊರತಂದ ‘ಶೂಲ್‌ಶ್ಪೊಟ್’ ಎಂಬ ಪುಸ್ತಕದಲ್ಲಿ ಇದು ಸೇರಿದೆ. ಜರ್ಮನ್ ಶಿಕ್ಷಕರ ತರಬೇತಿಯಲ್ಲಿ ಈ ಚಿತ್ರ ಎಷ್ಟು ಸವೆದಿದೆಯೆಂದರೆ, ಪುಣೆಯ ರಾನಡೆ ಇನ್‌ಸ್ಟಿಟ್ಯೂಟ್‌ನಲ್ಲಿ ಜರ್ಮನ್ ಕಲಿಯುತ್ತಿದ್ದಾಗ ನಮಗೂ ಇದನ್ನು ಕೊಟ್ಟು ಮಾತನಾಡಿಸಿದ್ದರು.

ಟ್ರಾಕ್ಸ್‌ಲರ್ ಹುಟ್ಟಿದ್ದು 1929ರಲ್ಲಿ, ಬೊಹೀಮಿಯಾದಲ್ಲಿ. ಕೆಲಸ ಮಾಡಿದ್ದು ಫ್ರಾಂಕ್‌ಫರ್ಟ್‌ನಲ್ಲಿ. ‘ಪಾರ್ಡನ್’ ಎಂಬ ವಿಡಂಬನ ಪತ್ರಿಕೆಯಲ್ಲಿದ್ದರು, 1979ರಲ್ಲಿ ‘ಟೈಟಾನಿಕ್’ ಪತ್ರಿಕೆಯನ್ನು ಆರಂಭಿಸಿದವರಲ್ಲಿ ಒಬ್ಬರು. ಈ ಹುಡುಕಾಟಕ್ಕೆ ಹೊಂದುವ ಇನ್ನೊಂದು ಸಂಗತಿಯೂ ಇದೆ. 1963ರಲ್ಲಿ ಅವರು ಹಾನ್ಸೆಲ್ ಮತ್ತು ಗ್ರೇಟೆಲ್ ಕಥೆಯಲ್ಲಿ ಬರುವ ಮಾಟಗಾತಿಯ ಮನೆಯನ್ನು ಉತ್ಖನನ ಮಾಡಿ ಪತ್ತೆಹಚ್ಚಲಾಗಿದೆ ಎಂಬಂತೆ, ಒಬ್ಬ ಸಂಶೋಧಕನನ್ನೇ ಕಲ್ಪಿಸಿಕೊಂಡು, ಗಂಭೀರ ಸಂಶೋಧನ ಗ್ರಂಥದ ಸೋಗಿನಲ್ಲಿ ಒಂದು ಪುಸ್ತಕ ಬರೆದಿದ್ದರು. ಓದಿದವರಲ್ಲಿ ಅನೇಕರು ಅದನ್ನು ನಿಜವೆಂದೇ ನಂಬಿದರು. ಮೂಲವನ್ನು ವಿಚಾರಿಸದೆ ನಂಬುವ ನಮ್ಮ ಅಭ್ಯಾಸವನ್ನು ಇವರು ವಾಟ್ಸಾಪ್ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಪರೀಕ್ಷಿಸಿ ನೋಡಿದ್ದರು.

ಡೊಂಬಿವಲಿಯ ಹಳಬ

ಆ ಜರ್ಮನ್ ಮಹಾಶಯರೇ ನಮ್ಮ ಲಕ್ಷ್ಮಣ್ ಅವರನ್ನು ನೋಡಿ ಬರೆದಿರಬಾರದೇಕೆ? ವಿದೇಶದಲ್ಲಿ ಮೊದಲು ಕಂಡಿತೆಂದ ಮಾತ್ರಕ್ಕೆ ಮೂಲ ಅಲ್ಲಿಯದೇ ಎಂದು ಒಪ್ಪುವುದು ಗುಲಾಮ ಬುದ್ಧಿಯಲ್ಲವೇ?

ಪಾರ್ಲೆಯ ಓದುಗ

ಒಪ್ಪುವುದಕ್ಕೆ ಬೇಕಾದದ್ದು ಬುದ್ಧಿಯಲ್ಲ, ಪುಟ. ಕೊಥ್ರೂಡ್‌ನವರು ವರ್ಷವನ್ನೂ ಪುಸ್ತಕವನ್ನೂ ಮುಂದಿಟ್ಟಿದ್ದಾರೆ. 1975ಕ್ಕಿಂತ ಹಿಂದಿನ ಒಂದು ಸಂಚಿಕೆಯ ಪುಟವನ್ನು ನೀವು ತೋರಿಸಿದರೆ ನಾನೇ ನಿಮ್ಮ ಪಕ್ಷಕ್ಕೆ ಬರುತ್ತೇನೆ.

ಮುಲುಂಡ್ ಮುದ್ರಕ

ಅನುವಾದಕಿಯವರೇ, ನಿಮ್ಮ ಮಾತಿನಿಂದ ನಾನು ಜರ್ಮನ್ ಚಿತ್ರವನ್ನು ಹುಡುಕಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಇವೆರಡೂ ಒಂದೇ ಚಿತ್ರವಲ್ಲ! ಟ್ರಾಕ್ಸ್‌ಲರ್ ಬರೆದಿರುವ ಸಾಲಿನಲ್ಲಿ ಕೋತಿಯ ಪಕ್ಕಕ್ಕೆ ಉದ್ದ ಕಾಲುಗಳ, ಕೊಕ್ಕರೆಯಂಥ ಹಕ್ಕಿಯಿದೆ. ನಮ್ಮದರಲ್ಲಿ ಅದೇ ಜಾಗದಲ್ಲಿ ಪೆಂಗ್ವಿನ್ ನಿಂತಿದೆ. ಅವರ ಪ್ರಾಣಿಗಳಿಗೆ ಒಂದೊಂದಕ್ಕೂ ಒಂದು ಸ್ವಭಾವವಿದೆ, ಗೆರೆಗಳಲ್ಲಿ ನೆರಳಿದೆ. ನಮ್ಮದು ಶಾಲಾ ಪಠ್ಯಪುಸ್ತಕದ ಚಿತ್ರದಂತೆ ಸಪಾಟಾಗಿದೆ. ಯಾರೋ ಜರ್ಮನ್ ಚಿತ್ರವನ್ನು ಎದುರಿಗಿಟ್ಟುಕೊಂಡು, ಪ್ರಾಣಿಗಳ ಕ್ರಮವನ್ನೂ ಪರೀಕ್ಷಕನ ಮಾತನ್ನೂ ಹಾಗೆಯೇ ಉಳಿಸಿಕೊಂಡು, ಹೊಸದಾಗಿ ಬರೆದು, ಇಂಗ್ಲಿಷ್ ಸಾಲನ್ನು ಸೇರಿಸಿದ್ದಾರೆ. ಲೋಕವನ್ನೆಲ್ಲ ಸುತ್ತುತ್ತಿರುವುದು ಆ ಎರಡನೆಯ ಕೈಯ ಚಿತ್ರ.

ಠಾಣೆಯ ತಂತ್ರಾಂಶಿ

ಹುಡುಕುವ ಯಂತ್ರಗಳು ಎಡವುವುದು ಇಲ್ಲಿಯೇ. ಅವು ಚಿತ್ರದ ಬೆರಳಚ್ಚನ್ನು ಹೋಲಿಸುತ್ತವೆ. ಕತ್ತರಿಸಿದರೂ ಬಣ್ಣ ಬದಲಿಸಿದರೂ ಸಾಮಾನ್ಯವಾಗಿ ಗುರುತು ಹಿಡಿಯುತ್ತವೆ. ಆದರೆ ಇನ್ನೊಬ್ಬರು ಕೈಯಾರೆ ಮತ್ತೆ ಬರೆದರೆ ಬೆರಳಚ್ಚೇ ಬೇರೆಯಾಗುತ್ತದೆ. ಆಗ ಯಂತ್ರವು ನಕಲಿನ ನಕಲುಗಳನ್ನೆಲ್ಲ ಸಾಲಾಗಿ ತೋರಿಸಿ, ಅಸಲನ್ನು ಮಾತ್ರ ಬಿಟ್ಟುಬಿಡುತ್ತದೆ. ಇದನ್ನು ಪತ್ತೆಹಚ್ಚಿದ್ದು ಜರ್ಮನ್ ತರಗತಿಯಲ್ಲಿ ಕುಳಿತ ಒಬ್ಬರ ನೆನಪೇ ಹೊರತು ನನ್ನ ಯಂತ್ರಗಳಲ್ಲ.

ಅಂಧೇರಿಯ ವಿಜ್ಞಾನ ಶಿಕ್ಷಕಿ

ದಯವಿಟ್ಟು ಐನ್‌ಸ್ಟೈನ್ ಅವರನ್ನೂ ಈ ಪುಟದಿಂದ ಬಿಡುಗಡೆ ಮಾಡಿ. ಮೀನನ್ನು ಮರ ಹತ್ತುವ ಸಾಮರ್ಥ್ಯದಿಂದ ಅಳೆದರೆ ಅದು ಜೀವನವಿಡೀ ತನ್ನನ್ನು ದಡ್ಡನೆಂದೇ ಭಾವಿಸುತ್ತದೆ ಎಂಬ ಆ ಮಾತು ಅವರ ಬರಹಗಳಲ್ಲಾಗಲಿ ಭಾಷಣಗಳಲ್ಲಾಗಲಿ ಇಲ್ಲ. ಅವರು ತೀರಿಕೊಂಡದ್ದು 1955ರಲ್ಲಿ. ಅವರ ಹೆಸರು ಈ ಮಾತಿಗೆ ಅಂಟಿಕೊಂಡು ಕಾಣಿಸುವುದು 2004ರ ಒಂದು ಸ್ವಸಹಾಯ ಪುಸ್ತಕದಲ್ಲಿ.

ಆದರೆ ಇದರ ಹಿಂದೆ ಬೇರೊಬ್ಬ ಭೌತವಿಜ್ಞಾನಿ ಇದ್ದಾರೆ ಎಂಬುದು ಸ್ವಾರಸ್ಯಕರ. ಅಮೆರಿಕದ ಅಮೋಸ್ ಡಾಲ್ಬೇರ್ 1899ರಲ್ಲಿ ಒಂದು ಶಿಕ್ಷಣ ಪತ್ರಿಕೆಗೆ ಪ್ರಾಣಿಗಳ ಶಾಲೆಯ ನೀತಿಕಥೆಯೊಂದನ್ನು ಬರೆದರು. ಈಜು, ಹಾರಾಟ, ಮರ ಹತ್ತುವುದು ಎಲ್ಲವೂ ಎಲ್ಲ ಪ್ರಾಣಿಗಳಿಗೂ ಕಡ್ಡಾಯವಾದರೆ ಏನಾಗುತ್ತದೆಂಬುದು ಅದರ ತಿರುಳು. ಜೀರುಂಡೆಯ ಚಿರ್‌ಗುಟ್ಟುವಿಕೆಯನ್ನು ಎಣಿಸಿ ಗಾಳಿಯ ಉಷ್ಣತೆಯನ್ನು ಲೆಕ್ಕ ಹಾಕಬಹುದೆಂದು 1897ರಲ್ಲಿ ಸೂತ್ರ ಕೊಟ್ಟವರೂ ಇವರೇ. ಮುಂದೆ 1940ರ ದಶಕದಲ್ಲಿ ಸಿನ್ಸಿನಾಟಿಯ ಶಾಲಾಡಳಿತದಲ್ಲಿದ್ದ ಜಾರ್ಜ್ ರೀವಿಸ್ ಇದೇ ಬಗೆಯ ಕಥೆಯನ್ನು ಬಾತುಕೋಳಿ, ಮೊಲ, ಅಳಿಲು, ಹದ್ದುಗಳನ್ನಿಟ್ಟು ಹೇಳಿದರು. ಹೀಗಾಗಿ ಕಲ್ಪನೆ ಟ್ರಾಕ್ಸ್‌ಲರ್ ಅವರಿಗಿಂತ ಹಳೆಯದು. ಅದನ್ನು ಮೇಜು, ಪರೀಕ್ಷಕ, ಒಂದೇ ಮರ ಎಂದು ಒಂದು ನೋಟಕ್ಕೆ ಇಳಿಸಿದ ಚಿತ್ರ ಅವರದು.

ವಾಶಿಯ ಪ್ರಾಧ್ಯಾಪಕ

ಸಿನ್ಸಿನಾಟಿ ಎಂದಾಗ ನೆನಪಾಯಿತು. ಬೇಲಿಯಾಚೆಯ ಆಟವನ್ನು ನೋಡಲು ಮೂವರು ಪೆಟ್ಟಿಗೆಗಳ ಮೇಲೆ ನಿಂತಿರುವ, ಸಮಾನತೆ (ಎಲ್ಲರಿಗೂ ಒಂದೇ ಪಾಲು) ಮತ್ತು ಸಮತೆಯ (ಅವರವರ ಅಗತ್ಯಕ್ಕೆ ತಕ್ಕ ಪಾಲು) ಚಿತ್ರವೂ ಹೀಗೆಯೇ ಅನಾಥವಾಗಿ ತಿರುಗುತ್ತದೆ. ಅದನ್ನು 2012ರಲ್ಲಿ ಮಾಡಿದವರು ಸಿನ್ಸಿನಾಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕ್ರೇಗ್ ಫ್ರೋಲೆ. ಅದು ಎಷ್ಟು ಕೈಗಳಲ್ಲಿ ಎಷ್ಟು ರೂಪ ತಾಳಿತೆಂಬುದನ್ನು ನೋಡಿ 2016ರಲ್ಲಿ ಅವರೇ ಅದರ ವಂಶವೃಕ್ಷದ ಬಗ್ಗೆ ಬರೆದರು. ಈಗ ಹೆಚ್ಚಾಗಿ ಕಾಣುವ ಅಚ್ಚುಕಟ್ಟಾದ ಆವೃತ್ತಿಯನ್ನು ಆಂಗಸ್ ಮಗ್ವಾಯರ್ ಎಂಬ ಕಲಾವಿದರು 2016ರಲ್ಲಿ ಬೇರೆ ಸಂಸ್ಥೆಗಾಗಿ ಬರೆದದ್ದು. ಅಲ್ಲಿಯೂ ಕಲ್ಪನೆಯ ತಂದೆ ಒಬ್ಬರು, ಗೆರೆಯ ತಂದೆ ಇನ್ನೊಬ್ಬರು. ವ್ಯತ್ಯಾಸವೇನೆಂದರೆ ಅಲ್ಲಿ ಇಬ್ಬರ ಹೆಸರೂ ನಮಗೆ ತಿಳಿದಿದೆ.

ಚೆಂಬೂರಿನ ಅವಸರ

ನೂರೈವತ್ತು ಜನ ಓದುವ ಸಂಚಿಕೆಗೆ ಇಷ್ಟು ಸಂಶೋಧನೆ ಬೇಕೇ? ಫ್ರಾಂಕ್‌ಫರ್ಟ್‌ನಿಂದ ಯಾರಾದರೂ ಮಾಟುಂಗಾಕ್ಕೆ ಬಂದು ನೋಟಿಸು ಕೊಡುತ್ತಾರೆಯೇ?

ಫೋರ್ಟ್‌ನ ವಕೀಲ

ನೋಟಿಸು ಬರುವುದಿಲ್ಲವೆಂಬುದು ನಿಜವಿರಬಹುದು. ತಿಳಿದೂ ಮಾಡುವುದಕ್ಕೆ ಅದು ಸಮರ್ಥನೆಯಾಗುವುದಿಲ್ಲ. ಭಾರತವೂ ಜರ್ಮನಿಯೂ ಹಕ್ಕುಸ್ವಾಮ್ಯದ ಬರ್ನ್ ಒಪ್ಪಂದದ ಸದಸ್ಯ ರಾಷ್ಟ್ರಗಳಾದ್ದರಿಂದ ಅಲ್ಲಿಯ ಕೃತಿಗೆ ಇಲ್ಲಿಯೂ ರಕ್ಷಣೆಯಿದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಕರ್ತೃವಿನ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. ಕರ್ತೃ ಅಜ್ಞಾತರೆಂದೇ ವಾದಿಸಿದರೂ ಪ್ರಕಟಣೆಯಿಂದ 60 ವರ್ಷಗಳನ್ನು ಎಣಿಸಬೇಕು. 1975ರ ಚಿತ್ರಕ್ಕೆ ಅದು 2035ರ ಕೊನೆಯವರೆಗೆ ಸಾಗುತ್ತದೆ. ‘ಸಹಿ ಇಲ್ಲ, ಆದ್ದರಿಂದ ಊರೆಲ್ಲರದು’ ಎಂಬ ತರ್ಕ ಕಾನೂನಿನಲ್ಲಿ ಎಲ್ಲಿಯೂ ಇಲ್ಲ.

ಇದರ ಜೊತೆಗೆ 57ನೆಯ ಕಲಮು ಇದೆ. ಹಕ್ಕನ್ನು ಮಾರಿದ ಮೇಲೂ ಕೃತಿಯು ತನ್ನದೆಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿನಲ್ಲೇ ಉಳಿಯುತ್ತದೆ. ಇಷ್ಟೆಲ್ಲ ಗೊತ್ತಾದ ಮೇಲೆ ಲಕ್ಷ್ಮಣ್ ಅವರ ಹೆಸರನ್ನು ಹಾಕಿದರೆ ಇಬ್ಬರಿಗೆ ಅನ್ಯಾಯ ಮಾಡಿದಂತಾಗುತ್ತದೆ: ಬರೆದವರ ಹೆಸರನ್ನು ಕಿತ್ತುಕೊಂಡಂತೆಯೂ ಆಯಿತು, ಬರೆಯದವರ ಮೇಲೆ ಹೊರಿಸಿದಂತೆಯೂ ಆಯಿತು.

ಮಾಟುಂಗಾ ಸಂಪಾದಕಿ

ಎಲ್ಲರಿಗೂ ಕೃತಜ್ಞತೆಗಳು. ವಕೀಲರಲ್ಲಿ ಒಂದು ಪ್ರಶ್ನೆ. ನಮ್ಮ ಬಳಿ ಇರುವುದು ಹೆಸರಿಲ್ಲದವರು ಮಾಡಿದ ಮರುರಚನೆ. ‘ಹಾನ್ಸ್ ಟ್ರಾಕ್ಸ್‌ಲರ್ ಅವರ 1975ರ ಚಿತ್ರವನ್ನು ಆಧರಿಸಿ ಅಜ್ಞಾತ ಕಲಾವಿದರು ಬರೆದದ್ದು’ ಎಂದು ಹಾಕಿದರೆ ಸಾಲದೇ?

ಫೋರ್ಟ್‌ನ ವಕೀಲ

ಪ್ರಾಮಾಣಿಕತೆಗೆ ಸಾಕು, ಅನುಮತಿಗೆ ಸಾಲದು. ಆ ಅಜ್ಞಾತರು ಕೇಳದೆ ತೆಗೆದುಕೊಂಡದ್ದನ್ನು ನೀವು ಹೆಸರು ಹೇಳಿ ತೆಗೆದುಕೊಂಡಂತಾಗುತ್ತದೆ, ಅಷ್ಟೆ. ಹಣ ಪಡೆದು ಜಾಹೀರಾತುಗಳನ್ನು ಅಚ್ಚು ಹಾಕುವ ಸಂಚಿಕೆಯಾದರೆ ಇನ್ನೂ ಎಚ್ಚರ ಬೇಕು. ಚಿತ್ರದ ಇತಿಹಾಸವನ್ನೇ ವಿಮರ್ಶಿಸುವ ಲೇಖನದ ನಡುವೆ ಸಣ್ಣದಾಗಿ ಹಾಕುವುದಾದರೆ ಮಾತು ಬೇರೆ. ವಿಮರ್ಶೆಗಾಗಿ ನ್ಯಾಯವಾದ ಬಳಕೆಗೆ ಕಾಯ್ದೆಯ 52ನೆಯ ಕಲಮಿನಲ್ಲಿ ಅವಕಾಶವಿದೆ. ಬರಿಯ ಅಲಂಕಾರಕ್ಕೆ ಅರ್ಧ ಪುಟ ಹಾಕುವುದು ವಿಮರ್ಶೆಯಾಗುವುದಿಲ್ಲ.

ಮಡಗಾಂವ್ ಮಾಸ್ತರ

ಹಾಗಿದ್ದರೆ ಹೊಸದನ್ನೇ ಬರೆಯಿಸಿರಲ್ಲ. ಕಲ್ಪನೆಗೆ ಹಕ್ಕುಸ್ವಾಮ್ಯವಿಲ್ಲವೆಂದು ಎಲ್ಲೋ ಓದಿದ್ದೇನೆ.

ಫೋರ್ಟ್‌ನ ವಕೀಲ

ಸರಿಯಾಗಿಯೇ ಓದಿದ್ದೀರಿ. 1978ರಲ್ಲಿ ಆರ್. ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನೇ ಹೇಳಿತು: ಕಲ್ಪನೆಗೆ ಒಡೆತನವಿಲ್ಲ, ಅದು ತಾಳಿದ ರೂಪಕ್ಕೆ ಇದೆ. ಪ್ರಾಣಿಗಳ ಶಾಲೆ ಎಂಬ ಕಲ್ಪನೆಯನ್ನು ಯಾರು ಬೇಕಾದರೂ ಬಳಸಬಹುದು. ಅದೇ ಮೇಜು, ಅದೇ ಸಾಲು, ಅದೇ ಮರ, ಅದೇ ಮಾತನ್ನು ಇಟ್ಟುಕೊಂಡು ಪೆಂಗ್ವಿನ್ ಬದಲು ನವಿಲನ್ನು ನಿಲ್ಲಿಸಿದರೆ ಅದನ್ನು ಹೊಸ ಚಿತ್ರವೆನ್ನುವ ನ್ಯಾಯಾಧೀಶರು ಸಿಗುವುದು ಕಷ್ಟ.

ಅಂಧೇರಿಯ ವಿಜ್ಞಾನ ಶಿಕ್ಷಕಿ

ಡಾಲ್ಬೇರ್ ಅವರ ಕಥೆಗೆ ಯಾವ ತಡೆಯೂ ಇಲ್ಲ. 1899ರ ಬರಹದ ಹಕ್ಕು ಎಂದೋ ಮುಗಿದಿದೆ. ಅದನ್ನು ಕನ್ನಡಕ್ಕೆ ತಂದು ಒಂದು ಪುಟದಲ್ಲಿ ಹಾಕಬಹುದು, ನಮ್ಮ ಶಾಲೆಯ ಮಕ್ಕಳು ಅದಕ್ಕೆ ಚಿತ್ರ ಬರೆಯಬಹುದು. ಆದರೆ ಮಕ್ಕಳಿಗೆ ವಾಟ್ಸಾಪ್ ಚಿತ್ರವನ್ನು ಮೊದಲೇ ತೋರಿಸಬಾರದು. ತೋರಿಸಿದರೆ ಎಲ್ಲರೂ ಅದನ್ನೇ ಬರೆದು ತರುತ್ತಾರೆ.

ಡೊಂಬಿವಲಿಯ ಹಳಬ

ಲಕ್ಷ್ಮಣ್ ಅವರದಲ್ಲವೆಂದು ನೀವೆಲ್ಲ ತೀರ್ಮಾನ ಕೊಟ್ಟಿದ್ದೀರಿ, ನಾನು ತಲೆಯಾಡಿಸುವುದಿಲ್ಲ. ದಾದರ್‌ನ ಮುಂಬಯಿ ಮರಾಠಿ ಗ್ರಂಥ ಸಂಗ್ರಹಾಲಯದಲ್ಲಿ ಹಳೆಯ ದೀಪಾವಳಿ ಸಂಚಿಕೆಗಳಿರುತ್ತವೆ. ಕುಳಿತು ತಿರುವಿ ಹಾಕುತ್ತೇನೆ. ಅಲ್ಲಿಯವರೆಗೆ ಪುಟವನ್ನು ತೆರೆದಿಡಿ.

ಪಾರ್ಲೆಯ ಓದುಗ

ಹೋಗುವುದಾದರೆ ತಿಳಿಸಿ, ನಾನೂ ಬರುತ್ತೇನೆ. ಆ ಚಿತ್ರ ಅಲ್ಲಿ ಸಿಗುವುದಿಲ್ಲವೆಂಬ ನಂಬಿಕೆ ನನಗಿದೆ, ಆದರೆ ವ್ಯಂಗ್ಯಚಿತ್ರಕಾರ ಶಿ. ದ. ಫಡ್ನೀಸರ ಮಾತಿಲ್ಲದ ಮುಖಪುಟಗಳು ಸಿಗುತ್ತವೆ. ಅವರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಭೋಜದಲ್ಲಿ ಎಂಬುದನ್ನಾದರೂ ನೀವು ಸಮಾಧಾನಕ್ಕೆ ಇಟ್ಟುಕೊಳ್ಳಬಹುದು.

ಕೊಥ್ರೂಡ್ ಅನುವಾದಕಿ

ಸಂಪಾದಕಿಯವರೇ, ಅನುಮತಿ ಕೇಳುವುದಾದರೆ ಜರ್ಮನ್ ಪತ್ರವನ್ನು ನಾನು ಬರೆದುಕೊಡುತ್ತೇನೆ. ಸಂಚಿಕೆ ಎಷ್ಟು ಪ್ರತಿಗಳು ಅಚ್ಚಾಗುತ್ತವೆ, ಬೆಲೆಯಿದೆಯೇ, ಚಿತ್ರ ಯಾವ ಅಳತೆಯಲ್ಲಿ ಬರುತ್ತದೆ, ಅಂತರ್ಜಾಲದಲ್ಲೂ ಹಾಕುತ್ತೀರಾ ಎಂಬ ನಾಲ್ಕು ವಿವರಗಳನ್ನು ಕಳುಹಿಸಿ. ಇವಿಲ್ಲದ ಪತ್ರಕ್ಕೆ ಪ್ರಕಾಶಕರು ಉತ್ತರ ಬರೆಯುವುದಿಲ್ಲ. ಕೇಳುವುದಾದರೆ ಕೊಕ್ಕರೆಯಿರುವ ಅಸಲು ಚಿತ್ರವನ್ನೇ ಕೇಳೋಣ. ಪೆಂಗ್ವಿನ್ ಚಿತ್ರಕ್ಕೆ ಅನುಮತಿ ಕೊಡುವವರು ಯಾರೆಂಬುದೇ ಗೊತ್ತಿಲ್ಲವಲ್ಲ.

ಮುಲುಂಡ್ ಮುದ್ರಕ

ಉತ್ತರ ಬಂದರೆ ಚಿತ್ರದ ಪ್ರತಿಯನ್ನು ಅಚ್ಚಿನ ಅಳತೆಯಲ್ಲಿ 300 ಡಿಪಿಐಗೆ ಕಡಿಮೆಯಿಲ್ಲದಂತೆ ತರಿಸಿಕೊಳ್ಳಿ. ನನಗೆ ಅದನ್ನು ವಾಟ್ಸಾಪ್‌ನಲ್ಲಿ ಮಾತ್ರ ಕಳುಹಿಸಬೇಡಿ, ಮಿಂಚಂಚೆಗೆ ಲಗತ್ತಿಸಿ.

ಮಾಟುಂಗಾ ಸಂಪಾದಕಿ

ವಿವರಗಳನ್ನು ಇಂದು ರಾತ್ರಿಯೇ ಕೊಥ್ರೂಡ್‌ಗೆ ಕಳುಹಿಸುತ್ತೇನೆ. ಸಂಚಿಕೆ ಮುದ್ರಣಕ್ಕೆ ಹೋಗುವುದರೊಳಗೆ ಉತ್ತರ ಬಾರದಿದ್ದರೆ ಆ ಪುಟಕ್ಕೆ ಡಾಲ್ಬೇರ್ ಅವರ ಕಥೆಯೇ ಬರುತ್ತದೆ. ಅನುವಾದದ ಹೊಣೆಯನ್ನು ಅಂಧೇರಿಯವರು ಹೊತ್ತಿದ್ದಾರೆಂದು ನಾನು ಈಗಾಗಲೇ ಸಮಿತಿಗೆ ಹೇಳಿಬಿಟ್ಟಿದ್ದೇನೆ.

ಅಂಧೇರಿಯ ವಿಜ್ಞಾನ ಶಿಕ್ಷಕಿ

ನನ್ನನ್ನು ಕೇಳದೆಯೇ?